ಬಿಗಿಯುವ ಕೈಗೆ ಒಂದು ತಕ್ಕಡಿ

1990ನೆಯ ಇಸವಿಯ ಜೂನ್ 10ರ ಬೆಳಗ್ಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಸ್ಪೇನ್ ದೇಶದ ಮಲಗಾ ನಗರಕ್ಕೆ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ವಿಮಾನವೊಂದು ಹೊರಟಿತು. ಒಳಗೆ 81 ಮಂದಿ ಪ್ರಯಾಣಿಕರು, 6 ಮಂದಿ ಸಿಬ್ಬಂದಿ. ನೆಲ ಬಿಟ್ಟು ಇನ್ನೂ ಕಾಲು ಗಂಟೆಯೂ ಆಗಿರಲಿಲ್ಲ. ವಿಮಾನವು 17,300 ಅಡಿಗಳ ಎತ್ತರವನ್ನು ಮುಟ್ಟಿದ್ದಿತು. ಆಗ ಇದ್ದಕ್ಕಿದ್ದಂತೆ ಸಿಡಿಲು ಬಡಿದಂತಹ ಸದ್ದು! ಕ್ಯಾಪ್ಟನ್ನನ ಎದುರಿನ ದೊಡ್ಡ ಗಾಜು ಚೌಕಟ್ಟಿನಿಂದ ಕಿತ್ತು ಹಾರಿಹೋಯಿತು. ಒಳಗಿನ ಗಾಳಿ ಹೊರಕ್ಕೆ ನುಗ್ಗಿದ ರಭಸಕ್ಕೆ ಕ್ಯಾಪ್ಟನ್ನನೂ ಸೊಂಟದವರೆಗೆ ಹೊರಗೆ ಸೆಳೆಯಲ್ಪಟ್ಟನು. ಪರಿಚಾರಕರು ಓಡಿಬಂದು ಅವನ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಹಾಗೆ ಹಿಡಿದುಕೊಂಡಿರುವಂತೆಯೇ ಸಹಚಾಲಕನು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಕ್ಷೇಮವಾಗಿ ಇಳಿಸಿದನು. ಎಲ್ಲರೂ ಉಳಿದರು. ಮೂಳೆ ಮುರಿದು, ಚಳಿಯಿಂದ ಕೈ ಮರಗಟ್ಟಿದ್ದ ಆ ಕ್ಯಾಪ್ಟನ್ನನೂ ಉಳಿದನು!

ಆ ಗಾಜನ್ನು ಹಾರಾಟಕ್ಕೆ 27 ಗಂಟೆಗಳ ಹಿಂದಷ್ಟೆ ಹೊಸದಾಗಿ ಕೂರಿಸಲಾಗಿತ್ತು. ತನಿಖೆ ನಡೆಸಿದವರು ಬೋಲ್ಟುಗಳನ್ನು ಎಣಿಸಿದರು. ಒಟ್ಟು 90. ಅವುಗಳಲ್ಲಿ 84 ಬೋಲ್ಟುಗಳು ಬೇಕಾದುದಕ್ಕಿಂತ ತೆಳ್ಳಗಿದ್ದವು. ಉಳಿದ 6 ದಪ್ಪದಲ್ಲಿ ಸರಿಯಾಗಿದ್ದರೂ ಉದ್ದದಲ್ಲಿ ಗಿಡ್ಡವಾಗಿದ್ದವು. ತೆಳ್ಳಗಿನವುಗಳ ಕೊರತೆ ಎಷ್ಟೆನ್ನುವಿರಿ? ಒಂದು ಮಿಲಿಮೀಟರಿನ ಮುಕ್ಕಾಲು ಪಾಲೂ ಇಲ್ಲ.

ಆದರೆ ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೆ. ಆ ರಾತ್ರಿ ಬೋಲ್ಟುಗಳನ್ನು ಬಿಗಿದ ಕೈಯಲ್ಲಿದ್ದುದು ಸಾಮಾನ್ಯವಾದ ಸ್ಕ್ರೂಡ್ರೈವರ್ ಅಲ್ಲ. ನಿಗದಿ ಮಾಡಿದಷ್ಟು ಬಲ ಬಿದ್ದೊಡನೆ ‘ಟಕ್’ ಎಂದು ಜಾರಿ, ಇನ್ನು ಸಾಕು ಎಂದು ಹೇಳುವ ಉಪಕರಣ. ಅಂತಹ ಸೂಕ್ಷ್ಮವಾದ ಸಾಧನವನ್ನು ಬಳಸಿಯೂ 90ರಲ್ಲಿ ಒಂದಾದರೂ ಸರಿಯಾದ ಬೋಲ್ಟು ಅಲ್ಲಿ ಇರಲಿಲ್ಲ. ಹಾಗಾದರೆ ಆ ‘ಟಕ್’ ಎಂಬ ಸದ್ದು ನಮಗೆ ಹೇಳುವುದೇನು? ಹೇಳದೆ ಬಿಡುವುದೇನು?

ಇದು ವಿಮಾನದವರ ಚಿಂತೆ ಎಂದು ನಾವು ಪುಟ ತಿರುಗಿಸುವಂತಿಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ, ಚಿತ್ರದುರ್ಗದ ಬೆಟ್ಟಗಳ ಮೇಲೆ ತಿರುಗುವ ಗಾಳಿಯಂತ್ರಗಳ ಬುಡದಲ್ಲಿ, ವಿದ್ಯುದಾಗಾರಗಳಲ್ಲಿ, ಬಸ್ಸಿನ ಡಿಪೋಗಳಲ್ಲಿ ದಿನವೂ ಸಾವಿರಾರು ಬೋಲ್ಟುಗಳನ್ನು ಬಿಗಿಯುವವರು ನಮ್ಮ ನಿಮ್ಮ ಮನೆಗಳ ಮಕ್ಕಳೇ ಅಲ್ಲವೆ? ಅವರ ಕೈಯಲ್ಲಿರುವ ಟಾರ್ಕ್ ರೆಂಚು ಎಂಬ ಉಪಕರಣದ ಗುಣವನ್ನೂ ಮಿತಿಯನ್ನೂ ಸ್ವಲ್ಪ ಅರಿತುಕೊಂಡರೆ ನಷ್ಟವೇನೂ ಇಲ್ಲ.

ತಂಬೂರಿಯ ಬಿರಡೆ

ಬೋಲ್ಟು ಎಂದರೆ ಎರಡು ವಸ್ತುಗಳನ್ನು ಸೇರಿಸಿ ಹೊಡೆದ ಗೂಟವೆಂದು ಬಹು ಮಂದಿ ಭಾವಿಸುತ್ತಾರೆ. ವಾಸ್ತವವಾಗಿ ಅದೊಂದು ಸ್ಪ್ರಿಂಗು. ನಟ್ಟನ್ನು ತಿರುಗಿಸುತ್ತ ಹೋದಂತೆ ಬೋಲ್ಟಿನ ಉಕ್ಕಿನ ದೇಹವು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಒಂದಕ್ಕೊಂದು ಅವುಚಿ ಹಿಡಿಯುವ ಬಲ. ಹುಲ್ಲಿನ ಗಾಡಿಗೆ ಹಗ್ಗ ಬಿಗಿಯುವ ರೈತನಿಗೆ ಈ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಗ್ಗ ಸುತ್ತಿದರೆ ಸಾಲದು, ಎಳೆದು ಸೆಳೆತ ಕೊಡಬೇಕು. ಸೆಳೆತ ಸತ್ತ ಹಗ್ಗದ ಕೆಳಗೆ ಹೊರೆ ಜಾರುತ್ತದೆ.

ಸೆಳೆತ ಕಡಮೆಯಾದರೆ ಬೋಲ್ಟಿಗೂ ಅದೇ ಗತಿ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರನು ಯಂತ್ರಗಳ ನಟ್ಟುಗಳು ತಾವಾಗಿಯೇ ಸಡಿಲವಾಗುವ ಬಗೆಯನ್ನು ಪ್ರಯೋಗದಿಂದ ತೋರಿಸಿಕೊಟ್ಟನು. ಬಿಗಿದ ಎರಡು ತಟ್ಟೆಗಳು ಅಡ್ಡಡ್ಡಲಾಗಿ ಒಂದರ ಮೇಲೊಂದು ಜಾರಲು ತೊಡಗಿದರೆ ನಟ್ಟು ತಾನೇ ತಿರುಗಿ ಕಳಚಿಕೊಳ್ಳುತ್ತದೆ. ಜಾರಲು ಬಿಡದಷ್ಟು ಸೆಳೆತ ಬೋಲ್ಟಿನಲ್ಲಿದ್ದರೆ ಕದಲುವುದಿಲ್ಲ. ಇನ್ನು ಸೆಳೆತ ಅತಿಯಾದರೋ, ಉಕ್ಕು ಹಿಗ್ಗಿದ್ದು ಮತ್ತೆ ಕುಗ್ಗದೆ ಸೋತುಹೋಗುತ್ತದೆ, ಅಥವಾ ನಡುವೆ ಇಟ್ಟ ಗ್ಯಾಸ್ಕೆಟ್ಟು ನಜ್ಜುಗುಜ್ಜಾಗುತ್ತದೆ, ಅಲ್ಯೂಮಿನಿಯಮ್ಮಿನ ಭಾಗವಾದರೆ ತಿರುಪಿನ ಸುತ್ತುಗಳೇ ಕಿತ್ತುಬರುತ್ತವೆ. ಬೇಕಾದುದು ಇವೆರಡರ ನಡುವಣ ಒಂದು ಹದ.

ಈ ಹದವನ್ನು ಅಳೆಯುವುದು ಹೇಗೆ? ತಂಬೂರಿ ಶ್ರುತಿ ಮಾಡುವವರನ್ನು ನೆನೆಸಿಕೊಳ್ಳಿರಿ. ಬಿರಡೆಯನ್ನು ತಿರುಗಿಸಿದಂತೆ ತಂತಿಯ ಸೆಳೆತ ಹೆಚ್ಚುತ್ತದೆ, ಸ್ವರ ಏರುತ್ತದೆ. ಶ್ರುತಿ ಸೇರಿತೇ ಎಂದು ನಿರ್ಣಯಿಸುವುದು ಕಿವಿ. ಬಿರಡೆ ಎಷ್ಟು ಬಿಗಿಯಾಗಿ ತಿರುಗಿತು ಎಂಬುದನ್ನು ಕೈಯಿಂದ ತಿಳಿದು ಶ್ರುತಿಯನ್ನು ನಿರ್ಣಯಿಸುವ ವಿದ್ವಾಂಸರು ಯಾರಾದರೂ ಇರುವರೆ? ಮಳೆಗಾಲದಲ್ಲಿ ಮರ ಊದಿಕೊಂಡು ಬಿರಡೆ ಅಲುಗದಷ್ಟು ಬಿಗಿಯಾಗಿರಬಹುದು. ತಂತಿ ಮಾತ್ರ ಸಡಿಲವಾಗಿಯೇ ಇದ್ದೀತು.

ಬೋಲ್ಟಿನ ವಿಷಯದಲ್ಲಿ ಮನುಷ್ಯನ ಪಾಡು ಆ ಕಿವಿಯಿಲ್ಲದ ವಿದ್ವಾಂಸನ ಪಾಡು! ಬೋಲ್ಟು ಹಾಡುವುದಿಲ್ಲ. ಅದರ ಸೆಳೆತವು ಹೊರಗೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ನಮಗೆ ತಿಳಿಯುವುದು ಬಿರಡೆ ಎಷ್ಟು ಕಷ್ಟದಿಂದ ತಿರುಗಿತು ಎಂಬುದೊಂದೇ. ಆ ತಿರುಗುಬಲಕ್ಕೆ ಟಾರ್ಕ್ ಎಂದು ಹೆಸರು. ಹಿಡಿಯ ತುದಿಯಲ್ಲಿ ಹಾಕಿದ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದರೆ ಬರುವುದೇ ಅದು. ಇಂದು ಅದನ್ನು ನ್ಯೂಟನ್ ಮೀಟರುಗಳಲ್ಲಿ ಎಣಿಸುತ್ತಾರೆ. ಟಾರ್ಕ್ ರೆಂಚು ತೂಗುವುದು ಇದನ್ನು ಮಾತ್ರ. ಅದು ಬಿರಡೆಯ ತಕ್ಕಡಿ, ತಂತಿಯ ತಕ್ಕಡಿಯಲ್ಲ.

ನೂರರಲ್ಲಿ ಹತ್ತು

ಇದರ ಪರಿಣಾಮ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ನಾವು ನಟ್ಟಿನ ಮೇಲೆ ಹಾಕುವ ನೂರು ಪಾಲು ಶ್ರಮದಲ್ಲಿ ಸುಮಾರು 50 ಪಾಲು ನಟ್ಟಿನ ಮುಖವು ಕೆಳಗಿನ ತಟ್ಟೆಗೆ ಉಜ್ಜುವ ಘರ್ಷಣೆಗೆ ಹೋಗುತ್ತದೆ. ಸುಮಾರು 40 ಪಾಲು ತಿರುಪಿನ ಸುತ್ತುಗಳ ಘರ್ಷಣೆಯ ಪಾಲಾಗುತ್ತದೆ. ಬೋಲ್ಟನ್ನು ಹಿಗ್ಗಿಸುವುದಕ್ಕೆ ಉಳಿಯುವುದು ಹತ್ತು ಪಾಲು! ಮನೆಯ ಯಜಮಾನನ ಸಂಬಳದಂತೆ, ಬಂದುದೆಲ್ಲ ದಾರಿಯಲ್ಲಿಯೇ ಕರಗಿ ಕೈಗೆ ಉಳಿಯುವುದು ಅಲ್ಪ.

ಈಗ 12 ಮಿಲಿಮೀಟರ್ ದಪ್ಪದ ಒಂದು ಬೋಲ್ಟನ್ನು ತೆಗೆದುಕೊಳ್ಳಿ; ಕಿರುಬೆರಳಿನ ಗಾತ್ರದ್ದು. ಅದರ ತಲೆಯ ಮೇಲೆ 8.8 ಎಂದು ಒತ್ತಿರುತ್ತದೆ. ಮೊದಲಿನ 8 ಎಂದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಸೆಳೆತವನ್ನು ತಡೆದು ಆಮೇಲೆ ಮುರಿಯುವ ಉಕ್ಕು ಎಂದರ್ಥ. ಎರಡನೆಯ 8 ಎಂದರೆ, ಅದರ ಹತ್ತರಲ್ಲಿ ಎಂಟು ಪಾಲು ಮುಟ್ಟಿದಾಗಲೇ ಅದು ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ ಎಂದು. ಒಣಗಿರುವ ಇಂತಹ ಬೋಲ್ಟನ್ನು 90 ನ್ಯೂಟನ್ ಮೀಟರಿಗೆ ಬಿಗಿದರೆ, ಇಂಜಿನಿಯರುಗಳು ರೂಢಿಯಲ್ಲಿ ಬಳಸುವ ಸೂತ್ರದ ಪ್ರಕಾರ, ಅದರಲ್ಲಿ ಹುಟ್ಟುವ ಸೆಳೆತವು ಸುಮಾರು 3,800 ಕಿಲೋಗ್ರಾಮ್ ತೂಕಕ್ಕೆ ಸಮ. ಬೆಳೆದ ಆನೆಯೊಂದನ್ನು ಆ ಕಿರುಬೆರಳಿಗೆ ತೂಗುಹಾಕಿದಂತೆ! ಉಕ್ಕು ಇದನ್ನು ಸಲೀಸಾಗಿ ಹೊರುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರಿದ ಉತ್ಸಾಹಿ ತರುಣನೊಬ್ಬನು, ನಟ್ಟು ಸುಲಭವಾಗಿ ತಿರುಗಲೆಂದು ತಿರುಪಿಗೆ ಎಣ್ಣೆ ಸವರುತ್ತಾನೆಂದು ಇಟ್ಟುಕೊಳ್ಳಿ. ರೆಂಚು ಅದೇ, 90ರ ಗುರುತು ಅದೇ, ‘ಟಕ್’ ಎಂಬ ಸದ್ದೂ ಅದೇ. ಆದರೆ ಘರ್ಷಣೆಯು ನಾಲ್ಕರಲ್ಲಿ ಒಂದು ಪಾಲಿನಷ್ಟು ಇಳಿದರೆ ಸೆಳೆತವು 5,100 ಕಿಲೋಗ್ರಾಮಿಗೆ ಏರುತ್ತದೆ. ಈ ಬೋಲ್ಟು ಹಿಗ್ಗಿ ಮತ್ತೆ ಮೊದಲಿನಂತೆ ಕುಗ್ಗಬಲ್ಲದೆಂದು ಖಾತರಿ ಕೊಟ್ಟಿರುವ ಮಿತಿ ಹೆಚ್ಚುಕಡಮೆ ಅಷ್ಟೇ. ತುಕ್ಕು ಹಿಡಿದ ತಿರುಪಿನಲ್ಲಾದರೆ ಇದರ ತಲೆಕೆಳಗು. ಸದ್ದು ಬರುತ್ತದೆ, ಸೆಳೆತ ಬಂದಿರುವುದಿಲ್ಲ.

ಆದುದರಿಂದ ತಯಾರಕರ ಪುಸ್ತಿಕೆಯಲ್ಲಿ ‘90’ ಎಂದಿರುವುದನ್ನಷ್ಟೆ ಓದಿ ಮುಗಿಸಬಾರದು. ಆ ಅಂಕಿಯು ಒಣ ತಿರುಪಿಗೋ ಎಣ್ಣೆ ಸವರಿದ ತಿರುಪಿಗೋ, ಸತುವಿನ ಲೇಪವಿದ್ದುದಕ್ಕೋ ಇಲ್ಲದುದಕ್ಕೋ ಎಂಬುದನ್ನೂ ಓದಬೇಕು. ಎಣ್ಣೆ ಹಚ್ಚಿ ಎಂದಿದ್ದರೆ ಹಚ್ಚಲೇಬೇಕು. ಹಚ್ಚಬೇಡಿ ಎಂದಿದ್ದರೆ ಒರಸಿ ಶುಚಿ ಮಾಡಲೇಬೇಕು. ನನ್ನ ಅಭಿಪ್ರಾಯದಲ್ಲಿ, ಬೆಲೆಬಾಳುವ ರೆಂಚಿಗಿಂತ ಒಂದು ತಂತಿಯ ಬ್ರಷ್ಷು, ಒಂದು ಹಿಡಿ ಹತ್ತಿಯ ಬಟ್ಟೆ ಮತ್ತು ಪುಸ್ತಿಕೆಯ ಈ ಒಂದು ಸಾಲು ಮೊದಲು ಬೇಕು.

ಹಾಗಾದರೆ ಈ ಉಪಕರಣದಿಂದ ಪ್ರಯೋಜನವೇನು ಎಂದು ಕೇಳಬಹುದು. ಯಂತ್ರಶಾಸ್ತ್ರದ ಪುಸ್ತಕಗಳಲ್ಲಿ ಬಹು ಕಾಲದಿಂದ ಬರುತ್ತಿರುವ ಒಂದು ಪಟ್ಟಿಯುಂಟು. ಅನುಭವಿಯ ಕೈಯಂದಾಜಿನಲ್ಲಿ ಬಿಗಿದ ಬೋಲ್ಟಿನ ಸೆಳೆತವು ಉದ್ದೇಶಿಸಿದುದಕ್ಕಿಂತ ನೂರಕ್ಕೆ 35ರಷ್ಟು ಆಚೀಚೆ ಇರಬಹುದು. ಟಾರ್ಕ್ ರೆಂಚಿನಿಂದ ಬಿಗಿದುದು ನೂರಕ್ಕೆ 25ರಷ್ಟು. ವ್ಯತ್ಯಾಸ ಇಷ್ಟೇ ಎಂದು ನಗಬೇಡಿರಿ. ಕೈಯಂದಾಜು ಬೆಳಗ್ಗೆ ಒಂದು, ಊಟವಾದ ಮೇಲೆ ಒಂದು, ರಾತ್ರಿ ಪಾಳಿಯ ಕೊನೆಯಲ್ಲಿ ಮತ್ತೊಂದು. ರೆಂಚಿಗೆ ದಣಿವಿಲ್ಲ. ಒಂದೇ ಬಗೆಯ, ಒಂದೇ ರೀತಿ ಶುಚಿಮಾಡಿದ ಎಂಟು ಬೋಲ್ಟುಗಳನ್ನು ಅದಕ್ಕೆ ಒಪ್ಪಿಸಿದರೆ ಎಂಟನ್ನೂ ಬಹುಮಟ್ಟಿಗೆ ಒಂದೇ ಸಮನಾಗಿ ಬಿಗಿಯುತ್ತದೆ. ಕಾರ್ಖಾನೆಗೆ ಬೇಕಾದುದು ಈ ಸಮಾನತೆಯೇ. ಇನ್ನೂ ಹೆಚ್ಚಿನ ನಿಖರತೆ ಬೇಕಾದ ಕಡೆ ನಟ್ಟು ತಿರುಗಿದ ಕೋನವನ್ನು ಅಳೆಯುತ್ತಾರೆ, ಬೋಲ್ಟಿನ ಹಿಗ್ಗನ್ನು ಶಬ್ದತರಂಗದಿಂದ ಅಳೆಯುತ್ತಾರೆ, ಹೈಡ್ರಾಲಿಕ್ ಯಂತ್ರದಿಂದ ಬೋಲ್ಟನ್ನೇ ನೇರವಾಗಿ ಹಿಗ್ಗಿಸಿ ನಟ್ಟು ಕೂರಿಸುತ್ತಾರೆ. ಅವು ವೆಚ್ಚದ ದಾರಿಗಳು.

ಸದ್ದು ಹುಟ್ಟುವ ಬಗೆ

ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾಹ್ರ್ ಎಂಬಾತನು 1918ರಲ್ಲಿ ಇಂತಹ ಉಪಕರಣವನ್ನು ಮೊದಲು ರೂಪಿಸಿದನೆಂದು ಹೇಳುತ್ತಾರೆ. ನೀರಿನ ದೊಡ್ಡ ಕೊಳವೆಗಳ ಜೋಡಣೆಗಳಲ್ಲಿ ಕೆಲಸಗಾರರು ಬೋಲ್ಟುಗಳನ್ನು ಅತಿಯಾಗಿ ಬಿಗಿಯುವುದನ್ನು ತಪ್ಪಿಸುವುದು ಅವನ ಉದ್ದೇಶವಾಗಿದ್ದಿತು. ಸದ್ದು ಮಾಡಿ ಎಚ್ಚರಿಸುವ, ಬೇಕಾದ ಅಂಕಿಗೆ ಹೊಂದಿಸಿಕೊಳ್ಳಬಹುದಾದ ರೆಂಚುಗಳು ಬಂದುದು 1930ರ ದಶಕದಲ್ಲಿ.

ಇಂದು ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ‘ಟಕ್’ ಎನ್ನುವ ಬಗೆಯೇ. ಅದರ ಕೊಳವೆಯಂತಹ ಹಿಡಿಯೊಳಗೆ ಬಲವಾದ ಸ್ಪ್ರಿಂಗೊಂದಿದೆ. ಹಿಡಿಯ ತುದಿಯನ್ನು ತಿರುಗಿಸಿದರೆ ಸ್ಪ್ರಿಂಗು ಒತ್ತಿಕೊಳ್ಳುತ್ತದೆ. ಹೊರಗಿನ ಗೀರುಗಳು ಎಷ್ಟು ಒತ್ತಿತು ಎಂಬುದನ್ನು ತೋರಿಸುತ್ತವೆ. ಸ್ಪ್ರಿಂಗಿನ ಎದುರಿಗೆ ಒಂದು ಪುಟ್ಟ ಉಕ್ಕಿನ ತುಂಡು ನಿಂತಿರುತ್ತದೆ. ನಟ್ಟಿನ ಪ್ರತಿರೋಧವು ಸ್ಪ್ರಿಂಗಿನ ಒತ್ತಡವನ್ನು ಮೀರಿದ ಕ್ಷಣದಲ್ಲಿ ಆ ತುಂಡು ವಾಲಿ, ಒಳಗಿನ ಸನ್ನೆಯು ಕೊಳವೆಯ ಗೋಡೆಗೆ ಬಡಿಯುತ್ತದೆ. ಕಿವಿಗೆ ಕೇಳುವ ಸದ್ದೂ, ಅಂಗೈಗೆ ತಿಳಿಯುವ ಅದುರೂ ಅದೇ.

ಇಲ್ಲೊಂದು ಅಪಾಯವಿದೆ. ರೆಂಚು ಎಚ್ಚರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಸದ್ದಾದ ಮೇಲೂ ಎಳೆದರೆ ನಟ್ಟು ತಿರುಗುತ್ತಲೇ ಹೋಗುತ್ತದೆ. ‘ಇನ್ನೊಂದು ಸಲ, ಖಾತರಿಗೆ’ ಎಂದು ಎರಡು ಮೂರು ಬಾರಿ ಟಕ್ಕೆನಿಸುವ ಅಭ್ಯಾಸವು ಎಲ್ಲೆಲ್ಲಿಯೂ ಇದೆ. ಖಾತರಿಯಲ್ಲ, ಅದು ಮಿತಿ ಮೀರುವ ದಾರಿ. ಮಿತಿ ಮುಟ್ಟಿದೊಡನೆ ತಾನೇ ಜಾರಿ ಮುಂದಕ್ಕೆ ತಿರುಗಿಸಲು ಬಿಡದ ರೆಂಚುಗಳೂ ಇವೆ. ಸಣ್ಣ ಬೋಲ್ಟುಗಳ ನಾಜೂಕಿನ ಕೆಲಸಕ್ಕೆ ಅವು ಮೇಲು.

ಯಾವುದನ್ನು ಕೊಳ್ಳಬೇಕು?

ದೊಡ್ಡದೊಂದು ಇದ್ದರೆ ಎಲ್ಲಕ್ಕೂ ಆದೀತು ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಅಕ್ಕಿಯ ಮೂಟೆ ತೂಗುವ ತಕ್ಕಡಿಯಲ್ಲಿ ಕೇಸರಿಯನ್ನು ತೂಗುವವರುಂಟೆ? ಹೊಂದಿಸಬಹುದಾದ ರೆಂಚಿನ ನಿಖರತೆಯ ಭರವಸೆ ಸಾಮಾನ್ಯವಾಗಿ ಅದರ ಗರಿಷ್ಠ ಅಂಕಿಯ ಐದನೆಯ ಒಂದು ಪಾಲಿನಿಂದ ಮೇಲಕ್ಕೆ ಮಾತ್ರ. 200 ನ್ಯೂಟನ್ ಮೀಟರಿನ ರೆಂಚು 40ರ ಕೆಳಗೆ ನಂಬಿಕೆಗೆ ಅರ್ಹವಲ್ಲ. ಕೆಳಗಿನ ಅಂಕಿಗಳಲ್ಲಿ ಸದ್ದೂ ಬಹಳ ಕ್ಷೀಣ. ಯಂತ್ರಗಳ ಗದ್ದಲದಲ್ಲಿ ಕೇಳಿಸದೆ ಹೋಗಿ ಕೆಲಸಗಾರನು ಎಳೆಯುತ್ತಲೇ ಇದ್ದುಬಿಡಬಹುದು. ನಿಮ್ಮ ಕೆಲಸದ ಅಂಕಿಯು ಗೀರುಗಳ ನಡುಭಾಗದಲ್ಲಿ ಬರುವಂತಹುದನ್ನು ಆರಿಸಿಕೊಳ್ಳಬೇಕು. 25ರ ಕೆಲಸಕ್ಕೆ 50ರವರೆಗಿನದು, 90ರ ಕೆಲಸಕ್ಕೆ 200ರದು. ಸಣ್ಣ ಕಾರ್ಖಾನೆಗೂ ಎರಡು ಮೂರು ರೆಂಚುಗಳು ಬೇಕಾಗುವುದು ಈ ಕಾರಣಕ್ಕೆ, ವರ್ತಕನ ಆಸೆಗಾಗಿ ಅಲ್ಲ.

ಹಿಡಿಯ ಉದ್ದವನ್ನೂ ನೋಡಬೇಕು. 200 ನ್ಯೂಟನ್ ಮೀಟರನ್ನು ಅರ್ಧ ಮೀಟರಿನ ಹಿಡಿಯಿಂದ ಸಾಧಿಸಲು 400 ನ್ಯೂಟನ್, ಎಂದರೆ ಸುಮಾರು 41 ಕಿಲೋಗ್ರಾಮಿನಷ್ಟು ಎಳೆತ ಬೇಕು. ದಿನಕ್ಕೆ ಒಂದೆರಡು ಸಲವಾದರೆ ಸರಿ. ದಿನವಿಡೀ ಎಳೆಯುವವನಿಗೆ ಉದ್ದ ಹಿಡಿಯದೇ ಬೇಕು. ಗಿಡ್ಡ ರೆಂಚಿಗೆ ಕೊಳವೆ ಸಿಕ್ಕಿಸಿ ಉದ್ದ ಮಾಡುವುದು ಮಾಮೂಲು ಸ್ಪ್ಯಾನರಿಗೆ ಹೇಗೋ ನಡೆದೀತು; ಟಾರ್ಕ್ ರೆಂಚಿಗೆ ಸಲ್ಲದು. ಕೈಯ ಸ್ಥಾನ ಬದಲಾದರೆ ಹಲವು ರೆಂಚುಗಳ ಲೆಕ್ಕವೇ ಕೆಡುತ್ತದೆ.

ಅಂಕಿಗಳ ಮಾನದ ಬಗ್ಗೆ ಒಂದು ಎಚ್ಚರ. ನಮ್ಮ ದೇಶದ ಕಾರ್ಖಾನೆಗಳಲ್ಲಿ ನ್ಯೂಟನ್ ಮೀಟರ್, ಕಿಲೋಗ್ರಾಮ್ ಮೀಟರ್, ಅಡಿ ಪೌಂಡು ಮೂರೂ ಬಳಕೆಯಲ್ಲಿವೆ. ಎಷ್ಟೋ ವೇಳೆ ಒಂದೇ ರೆಂಚಿನ ಎರಡು ಮಗ್ಗುಲುಗಳಲ್ಲಿ ಎರಡು ಮಾನಗಳಿರುತ್ತವೆ. 90 ನ್ಯೂಟನ್ ಮೀಟರ್ ಎಂದರೆ 9.2 ಕಿಲೋಗ್ರಾಮ್ ಮೀಟರ್, ಅಥವಾ 66 ಅಡಿ ಪೌಂಡು. ಮರೆತು ಅಡಿ ಪೌಂಡಿನ ಗೀರಿನಲ್ಲಿ 90 ಇಟ್ಟರೆ ಬೋಲ್ಟಿಗೆ ಬೀಳುವುದು 122 ನ್ಯೂಟನ್ ಮೀಟರ್! ಕೊಳ್ಳುವಾಗಲೇ ಇಡೀ ಕಾರ್ಖಾನೆಗೆ ಒಂದೇ ಮಾನದ ರೆಂಚುಗಳನ್ನು ಕೊಳ್ಳುವುದು ಜಾಣತನ.

ಒಂದೇ ಬೋಲ್ಟನ್ನು ದಿನವೂ ಬಿಗಿಯುವ ಜೋಡಣೆಯ ಸಾಲಿನಲ್ಲಿ ಹೊಂದಿಸಬಹುದಾದ ರೆಂಚೇ ಬೇಡ. ಅಳತೆಯ ಕೋಣೆಯಲ್ಲಿ ಒಮ್ಮೆ ನಿಗದಿಪಡಿಸಿ ಬೀಗ ಹಾಕಿದಂತೆ ಕಳುಹಿಸುವ, ಗೀರುಗಳೇ ಇಲ್ಲದ ರೆಂಚುಗಳು ಸಿಗುತ್ತವೆ. ಯಾರ ಕೈಯೂ ಅದರ ಅಂಕಿಯನ್ನು ಕದಲಿಸಲಾರದು. ಇಂದಿನ ವಿದ್ಯುನ್ಮಾನ ರೆಂಚುಗಳು ತಿರುಗುಬಲದ ಜೊತೆಗೆ ತಿರುಗಿದ ಕೋನವನ್ನೂ ಬರೆದಿಡುತ್ತವೆ. ಇದು ದುಬಾರಿಯ ಆಡಂಬರವಲ್ಲ. ವಕ್ರವಾಗಿ ಸಿಕ್ಕಿಕೊಂಡ ಬೋಲ್ಟು ಬೇಗನೆ ಬಿಗಿಯಾಗುತ್ತದೆ. ಸುತ್ತುಗಳು ಸವೆದ ಬೋಲ್ಟು ಎಷ್ಟು ತಿರುಗಿದರೂ ಬಿಗಿಯಾಗದು. ಬಲ ಎಷ್ಟು ಎಂಬುದರ ಜೊತೆಗೆ ಎಷ್ಟು ಸುತ್ತು ತಿರುಗಿತು ಎಂಬುದೂ ತಿಳಿದರೆ ಇಂತಹ ಮೋಸ ಬಯಲಾಗುತ್ತದೆ. ಬರ್ಮಿಂಗ್‌ಹ್ಯಾಮಿನ ತೆಳು ಬೋಲ್ಟುಗಳಂತಹವಕ್ಕೆ ಮಾತ್ರ ಯಾವ ರೆಂಚೂ ಮದ್ದಲ್ಲ. ಸರಿಯಾದ ಬೋಲ್ಟೇ ಎಂದು ಪಟ್ಟಿಯೊಡನೆ ತಾಳೆ ನೋಡುವ ಕೆಲಸ ರೆಂಚು ಪೆಟ್ಟಿಗೆಯಿಂದ ಹೊರಬರುವುದಕ್ಕೆ ಮೊದಲೇ ಮುಗಿದಿರಬೇಕು.

ಕೈಯಲ್ಲಿ ಹಿಡಿದ ಮೇಲೆ

ಅಂಕಿಯನ್ನು ಹೊಂದಿಸುವಾಗ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿಸುವುದು ರೂಢಿ. 120ರಲ್ಲಿದ್ದುದನ್ನು 90ಕ್ಕೆ ತರಬೇಕಾದರೆ 80ಕ್ಕೆ ಇಳಿಸಿ ಮತ್ತೆ 90ಕ್ಕೆ ಏರಿಸಬೇಕು. ತಿರುಪಿನ ಸಡಿಲು ಆಗ ಒಂದೇ ಕಡೆ ಉಳಿಯುತ್ತದೆ. ಬಹಳ ದಿನ ಪೆಟ್ಟಿಗೆಯಲ್ಲಿದ್ದುದಾದರೆ ಮೊದಲು ನಾಲ್ಕಾರು ಸಲ ಸುಮ್ಮನೆ ಟಕ್ಕೆನಿಸಿ ಒಳಗಿನ ಗ್ರೀಸು ಹರಡುವಂತೆ ಮಾಡಬೇಕು. ಹಿಡಿಯ ಗುರುತಿನ ನಡುವೆ ಅಂಗೈ ಇರಲಿ. ಎಳೆತವು ಬಾವಿಯಿಂದ ತುಂಬಿದ ಕೊಡವನ್ನು ಸೇದುವಂತೆ ಒಂದೇ ಸಮನಾಗಿರಲಿ. ಜಗ್ಗಿದರೆ ಸದ್ದು ಕೇಳುವುದರೊಳಗೆ ಅಂಕಿ ಮೀರಿರುತ್ತದೆ.

ಇಕ್ಕಟ್ಟಿನ ಜಾಗದಲ್ಲಿ ರೆಂಚಿನ ಮೂತಿಗೆ ಕಾಗೆಯ ಪಾದದಂತಹ ಒಂದು ತುಂಡನ್ನು ನೇರಕ್ಕೆ ಜೋಡಿಸುವುದುಂಟು. ಆಗ ಸನ್ನೆಯ ಉದ್ದ ಹೆಚ್ಚಿ ಅಂಕಿ ಸುಳ್ಳಾಗುತ್ತದೆ. ರೆಂಚಿನ ಉದ್ದ 400 ಮಿಲಿಮೀಟರ್, ತುಂಡಿನದು 50 ಎಂದಾದರೆ, 90 ಬೇಕಾದಲ್ಲಿ ರೆಂಚನ್ನು 80ಕ್ಕೆ ಇಡಬೇಕು. 90ನ್ನು 400ರಿಂದ ಗುಣಿಸಿ 450ರಿಂದ ಭಾಗಿಸಿದರೆ ಬರುವ ಅಂಕಿ ಅದು. ಅದೇ ತುಂಡನ್ನು ರೆಂಚಿಗೆ ಲಂಬವಾಗಿ ಅಡ್ಡ ತಿರುಗಿಸಿ ಜೋಡಿಸಿದರೆ ಈ ಲೆಕ್ಕದ ತೊಡಕೇ ಇಲ್ಲ.

ಒಂದು ಬೋಲ್ಟಿನ ಕಥೆ ಇದಾಯಿತು. ಕೊಳವೆಯ ಜೋಡಣೆಯಲ್ಲಿ ವೃತ್ತಾಕಾರವಾಗಿ ಎಂಟು ಬೋಲ್ಟುಗಳಿದ್ದರೆ ಅವುಗಳದೊಂದು ಕುಟುಂಬ. ಒಂದನ್ನು ಪೂರ್ತಿ ಬಿಗಿದರೆ ಪಕ್ಕದ್ದು ಸಡಿಲವಾಗುತ್ತದೆ. ಎದುರಿನದು ಬಾಯಿ ಬಿಡುತ್ತದೆ. ಮೃದಂಗದವರು ಶ್ರುತಿ ಮಾಡುವುದನ್ನು ನೋಡಿದ್ದೀರಲ್ಲವೆ? ಒಂದೇ ಕಡೆ ಬಡಿಯುವುದಿಲ್ಲ. ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ತಟ್ಟಿ ಎಲ್ಲ ಕಡೆಯ ನಾದವನ್ನೂ ಒಂದಕ್ಕೆ ತರುತ್ತಾರೆ. ಇಲ್ಲಿಯೂ ಹಾಗೆಯೇ. ಎದುರುಬದುರಾಗಿ, ನಕ್ಷತ್ರ ಬರೆದಂತೆ, ಮೊದಲ ಸುತ್ತಿನಲ್ಲಿ ಸುಮಾರು 30 ಪಾಲು, ಎರಡನೆಯದರಲ್ಲಿ 60 ಪಾಲು, ಮೂರನೆಯದರಲ್ಲಿ ಪೂರ್ತಿ. ಕೊನೆಗೆ ಪೂರ್ತಿ ಅಂಕಿಯಲ್ಲೇ ಪ್ರದಕ್ಷಿಣೆಯಾಗಿ ಇನ್ನೊಂದು ಸುತ್ತು. ಆವುಗೆಯ ಒತ್ತಡವೋ ಆಮ್ಲವೋ ಹರಿಯುವ ಕೊಳವೆಯ ಪಕ್ಕದಲ್ಲಿ ನಿಂತು ಕೆಲಸ ಮಾಡುವವರ ಪ್ರಾಣ ಈ ತಾಳ್ಮೆಯ ಮೇಲಿದೆ.

ಬಿಗಿದು ಮುಗಿದ ಪ್ರತಿಯೊಂದು ಬೋಲ್ಟಿನ ತಲೆಯಿಂದ ತಟ್ಟೆಯವರೆಗೆ ಬಣ್ಣದ ಒಂದು ಗೆರೆ ಎಳೆಯುವ ಪದ್ಧತಿ ಬಹಳ ಒಳ್ಳೆಯದು. ಪಾಳಿ ಬದಲಾದಾಗ ಬಂದವನಿಗೆ ಯಾವುದು ಮುಗಿದಿದೆ, ಯಾವುದು ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಮುಂದೆ ನಟ್ಟು ಕದಲಿದರೆ ಗೆರೆ ಮುರಿದು ತೋರಿಸುತ್ತದೆ. 2024ರ ಜನವರಿ 5ರಂದು ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್ ವಿಮಾನವೊಂದರ ಗೋಡೆಯ ಮುಚ್ಚಳವು ಆಕಾಶದಲ್ಲಿ ಕಿತ್ತುಹೋದಾಗ, ಅದನ್ನು ಹಿಡಿದಿರಬೇಕಾಗಿದ್ದ ನಾಲ್ಕು ಬೋಲ್ಟುಗಳನ್ನು ಯಾರೂ ಹಾಕಿಯೇ ಇರಲಿಲ್ಲವೆಂದು ತನಿಖೆ ತೋರಿಸಿತು. ಇಲ್ಲದ ಬೋಲ್ಟಿಗೆ ಟಕ್ಕೆನ್ನುವ ರೆಂಚು ಎಲ್ಲಿದೆ?

ತಕ್ಕಡಿಗೂ ತಕ್ಕಡಿ

ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೀಳುವಂತೆ ಟಾರ್ಕ್ ರೆಂಚಿಗೂ ಕಾಲಕಾಲಕ್ಕೆ ಪರೀಕ್ಷೆ ಆಗಬೇಕು. ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, 10 ನ್ಯೂಟನ್ ಮೀಟರಿಗಿಂತ ದೊಡ್ಡದಾದ ಇಂತಹ ರೆಂಚಿನ ತಪ್ಪು ನೂರಕ್ಕೆ 4ನ್ನು ಮೀರಬಾರದು. ಬೇರೆ ಕ್ರಮವನ್ನು ಗೊತ್ತುಮಾಡಿಕೊಳ್ಳದಿದ್ದರೆ 12 ತಿಂಗಳಿಗೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಆಗ, ಪರೀಕ್ಷೆ ಮಾಡಿಸಬೇಕು. ವರ್ಷಕ್ಕೊಮ್ಮೆ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. 5,000ದ ಮಾತನ್ನು ಮರೆಯುತ್ತಾರೆ. ದಿನಕ್ಕೆ 200 ನಟ್ಟುಗಳನ್ನು ಬಿಗಿಯುವ ಸಾಲಿನಲ್ಲಿ ಈ ಲೆಕ್ಕ 25 ದಿನಗಳಲ್ಲಿ ಮುಗಿದುಹೋಗುತ್ತದೆ! ಕೈತಪ್ಪಿ ನೆಲಕ್ಕೆ ಬಿದ್ದ ರೆಂಚನ್ನು ತಾರೀಖು ನೋಡದೆ ಕೂಡಲೇ ಪರೀಕ್ಷೆಗೆ ಕಳುಹಿಸಬೇಕು. ಬೀಳಿಸಿದವನನ್ನು ಬೈಯುವ ಕಾರ್ಖಾನೆಯಲ್ಲಿ ಬಿದ್ದ ಸಂಗತಿ ಯಾರಿಗೂ ತಿಳಿಯುವುದಿಲ್ಲ ಎಂಬುದನ್ನು ಮೇಸ್ತ್ರಿಗಳು ಗಮನದಲ್ಲಿಡುವುದು ಒಳ್ಳೆಯದು.

ಪ್ರಮಾಣಪತ್ರದಲ್ಲಿ ಆ ಒಂದು ರೆಂಚಿನದೇ ಕ್ರಮಸಂಖ್ಯೆ ಇರಬೇಕು. ನಮ್ಮ ದೇಶದಲ್ಲಿ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಶಾಲೆಗಳು ಈ ಪರೀಕ್ಷೆಯನ್ನು ಮಾಡಿಕೊಡುತ್ತವೆ. ಕೆಲಸ ಮುಗಿದ ಮೇಲೆ ಅಂಕಿಯನ್ನು ಅತಿ ಕೆಳಗಿನ ಗೀರಿಗೆ ಇಳಿಸಿ ಪೆಟ್ಟಿಗೆಯಲ್ಲಿಡಬೇಕು. ಅದಕ್ಕಿಂತ ಕೆಳಕ್ಕೆ ಬೇಡ. ಒಳಗಿನ ಭಾಗಗಳು ಕಳಚಿಕೊಂಡಾವು. ತುಕ್ಕು ಹಿಡಿದ ನಟ್ಟನ್ನು ಬಿಚ್ಚುವುದಕ್ಕೆ ಇದನ್ನು ಬಳಸುವುದು ಚಿನ್ನದ ತಕ್ಕಡಿಯಲ್ಲಿ ಸೌದೆ ಒಡೆದಂತೆ. ಅದಕ್ಕೆ ಉದ್ದ ಹಿಡಿಯ ಒರಟು ಸ್ಪ್ಯಾನರುಗಳಿವೆ.

ಕಾರಿಟ್ಟುಕೊಂಡಿರುವ ಮನೆಯವರಿಗೆ ಕೊನೆಯದೊಂದು ಮಾತು. ಚಕ್ರ ಬದಲಿಸುವ ಅಂಗಡಿಗಳಲ್ಲಿ ಗಾಳಿಯ ಬಲದಿಂದ ಗುಟುರುಹಾಕುವ ಯಂತ್ರದಿಂದ ನಟ್ಟುಗಳನ್ನು ಬಿಗಿದು, ಆಮೇಲೆ ಟಾರ್ಕ್ ರೆಂಚನ್ನು ತಂದು ಪ್ರತಿಯೊಂದಕ್ಕೂ ‘ಟಕ್’ ಎನಿಸಿ ‘ಸರಿಯಾಗಿದೆ ಸಾರ್’ ಎನ್ನುವುದುಂಟು. ಯಂತ್ರವು 200ರಷ್ಟು ಬಿಗಿದಿದ್ದರೂ 100ಕ್ಕೆ ಇಟ್ಟ ರೆಂಚು ಟಕ್ಕೆಂದೇ ತೀರುತ್ತದೆ. ಕಡಮೆ ಇಲ್ಲ ಎಂದಷ್ಟೆ ಅದು ಹೇಳಿದುದು. ಹೆಚ್ಚಿದೆಯೇ ಎಂದು ಅದಕ್ಕೆ ತಿಳಿಯದು. ನಟ್ಟುಗಳನ್ನು ಕೈಯಿಂದ ಕೂರಿಸಿ, ವಾಹನದ ಪುಸ್ತಿಕೆಯಲ್ಲಿರುವ ಅಂಕಿಗೆ ರೆಂಚಿನಿಂದಲೇ, ಎದುರುಬದುರಾಗಿ, ಕೊನೆಯ ಬಿಗಿತ ಕೊಡಿಸಿಕೊಳ್ಳಿರಿ. ಬರಿಯ ಯಂತ್ರದಿಂದ ಬಿಗಿದಾಗಿದ್ದರೆ ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿಯಲು ಹೇಳಿರಿ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿರಿ. ಅಂಗಡಿಯ ಹುಡುಗ ಗೊಣಗಬಹುದು, ಗೊಣಗಲಿ.